ಎಡಗಾಲಿನ ಬೂಟು

ಚಾವಣಿಯ ತೇವದ ಕಲೆ ಓಡುತ್ತಿದೆ, ಗೋಡೆ ಮುಟ್ಟುವ ಮೊದಲೇ ಹಿಂದಕ್ಕೆ ಜಿಗಿದು ಮತ್ತೆ ಓಡುತ್ತಿದೆ, ಮಂಚದ ಅಂಚಿನಾಚೆ ಬಲಕ್ಕೆ ವಾಲಿ ಜೋತ ರೆಮಿಯ ತಲೆ ಡಾಕ್ಟರಮ್ಮ ನಡೀನಳ ಅಂಗೈಗಳಲ್ಲಿ, ಕಣ್ಣು ಮುಚ್ಬೇಡ ರೆಮಿ, ಅವು ಕುಣಿಯೋದನ್ನ ನಾನು ನೋಡ್ಬೇಕು — ನೋಡಲಿ, ಪಬ್ನಿಕೊ ಧಕ್ಕೆಯೆಲ್ಲ ನೋಡಿಯಾಯಿತು, ಸೋಮವಾರ, ಲಾಬ್‌ಸ್ಟರ್ ಹಿಡಿಯುವ ಮೊದಲ ದಿನ, ಸಮುದ್ರದ ನಡುವೆ ದೋಣಿಯಲ್ಲಿ ಪೇರಿಸಿದ ಬೋನುಗಳ ಗಂಟು ಬಿಚ್ಚಲು ತಲೆಯೆತ್ತಿದ್ದೇ ತಡ ಆಕಾಶ ಮಗುಚಿತ್ತು, ಆಲ್ಸೀಡ್ ಮಾಮ ಕಂಕುಳಿಗೆ ಕೈಹಾಕಿ ಮೂಟೆಯ ಹಾಗೆ ಎಳೆದು ಕೆಡವಿದ್ದ, ಕುಡಿದು ಬಂದಿದ್ದೀಯೇನೋ ಬೇವರ್ಸಿ — ಒಂದು ತೊಟ್ಟು ಮುಟ್ಟಿದ್ದರೆ ಕೇಳು! — ಅಕ್ಕನ ಮಗನೆಂದೂ ನೋಡದೆ ವಾಪಸ್ ಧಕ್ಕೆಗೆ ತಂದಿಳಿಸಿ, ಡಾಕ್ಟರ್ ಚೀಟಿ ಇಲ್ದೆ ನನ್ನ ದೋಣಿ ಹತ್ತಿದ್ರೆ ನಾನೇ ನೂಕ್ತೀನಿ, ಒಂದೇ ಕಾಲಲ್ಲಿ ಬೂಟು, ಇನ್ನೊಂದು — ಬೇಡ, ಅದು ಬೇಡ. ಮೂರು ವಾರದಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೇ ಗಿರಗಿರ, ಅಮ್ಮ ನಕ್ಕಿದ್ದಳು, ನಿಮ್ಮಪ್ಪಂಗೂ ಹಿಂಗೇ ಕಣೋ, ದೋಣಿ ಇಳಿದ್ರೂ ಕಾಲಲ್ಲಿ ಸಮುದ್ರ ಇರುತ್ತೆ, ರೆಮಿಯೂ ನಂಬಿದ್ದ, ದಡದ ಕಾಯಿಲೆ, ದೋಣಿ ಹತ್ತಿದರೆ ವಾಸಿ ಎಂದುಕೊಂಡೇ ಹತ್ತಿದ್ದ. ತೂಗೋದು ಬೇರೆ, ತಿರುಗೋದು ಬೇರೆ ಕಣಪ್ಪ, ಎನ್ನುತ್ತಾಳೆ ಡಾಕ್ಟರಮ್ಮ, ಕಿವಿಯೊಳಗಿನ ಸಣ್ಣ ಸುಣ್ಣದ ಹರಳು ಜಾಗ ತಪ್ಪಿ ಕೊಳವೆಗೆ ಬಿದ್ದಿವೆ, ಉರುಳಿಸಿ ವಾಪಸ್ ಕಳಿಸ್ತೀನಿ, ಮಾತ್ರೆ ಬೇಡ — ನಿನ್ನ ತಲೇಲಿ ಏನಿದೆಯೋ ಎಂದು ಒಂಬತ್ತನೇ ಕ್ಲಾಸಿನಲ್ಲಿ ಕೇಳಿ ಓಡಿಸಿದ ಮೇಷ್ಟರಿಗೆ ಹೋಗಿ ಹೇಳಬೇಕು, ಕಲ್ಲಿದೆ ಸಾರ್, ಡಾಕ್ಟರೇ ನೋಡಿದ್ದಾರೆ. ತಲೆ ಎಡಕ್ಕೆ, ತಡಿ, ಈಗ ಮಗ್ಗುಲಿಗೆ ಹೊರಳು, ಮೂಗು ನೆಲಕ್ಕೆ, ವಾಂತಿ ಮಾಡುವುದಿಲ್ಲ, ಸತ್ತರೂ ಮಾಡುವುದಿಲ್ಲ, ಎದ್ದು ಕೂರು, ಇನ್ನೊಂದ್ಸಲ ಮಲಗು ನೋಡೋಣ — ಕಲೆ ನಿಂತಿದೆ, ಅಲ್ಲೇ, ಸುಮ್ಮನೆ. ಚೀಟಿ ಬರೀರಿ. ಬರೀತೀನಿ, ಆದರೆ ಒಂದು ವಾರ ತಲೆಯೆತ್ತೋ ಕೆಲಸ ಬೇಡ, ಮತ್ತೆ ಬಂದ್ರೂ ಬರಬಹುದು. ಒಂದು ವಾರ! ಬೋನು ತುಂಬಿ ಬರುವುದೇ ಮೊದಲ ವಾರ, ನಾಳೆ ನಸುಕಿಗೇ ಹೋಗುತ್ತಾನೆ, ತಲೆಯೆತ್ತದೆ ಬೋನಿಗೆ ಆಮಿಷದ ಮೀನಿನ ತುಂಡು ಚುಚ್ಚುವ ಕೆಲಸವನ್ನಾದರೂ ಮಾಡುತ್ತಾನೆ, ಚೀಟಿಯನ್ನು ಮಾಮನ ಮೂಗಿಗೆ ಹಿಡಿದು, ಓದ್ಕೋ, ಕುಡುಕ ಅಂದ್ಯಲ್ಲ, ಎಲ್ಲರೆದುರು ಎಳೆದು ಕೆಡವಿದ್ಯಲ್ಲ, ಯಾಕೆ ಕೆಡವಿದೆ ಎಂದು ಕೇಳುತ್ತಾನೆ, ಯಾಕೆ — ಬೋನಿನ ಹಗ್ಗದ ಸುರುಳಿಯೊಳಗಿತ್ತು ರೆಮಿಯ ಎಡಗಾಲು, ಬೋನು ಆಗಲೇ ನೀರಿಗೆ ಬಿದ್ದಿತ್ತು, ಹಗ್ಗ ಬಿಗಿಯುವುದೂ ಮಾಮ ಎಳೆಯುವುದೂ ಒಟ್ಟಿಗೆ, ಕಾಲು ಬಂತು, ಬೂಟು ಬರಲಿಲ್ಲ, ಕೇಳಿಯೇ ಕೇಳುತ್ತಾನೆ, ಹೆದರುವವನಲ್ಲ, ನಾಳೆ ಹೊಸ ಬೂಟು ಹಾಕಿಕೊಂಡೇ — ಹಗ್ಗ ಎಳೆದೊಯ್ದ ಆ ಹಸಿರು ಬೂಟು, ಒಳಗೆ ಕಾಲಿಲ್ಲ, ದೋಣಿಯ ಅಂಚು ಹತ್ತಿ, ಒಂದು ಕ್ಷಣ ನೆಟ್ಟಗೆ ನಿಂತು, ನೀರಿಗೆ —