ಆನೆಯ ಹೊಟ್ಟೆಯ ನೀರು

ಭಾವ ತೀರಿಕೊಂಡ ಸುದ್ದಿ ಬಂದಾಗ ದರ್ಜಿ ಅವರದೇ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಬೆಳಗಿನ ಒಂಬತ್ತು ಗಂಟೆ ಇರಬಹುದು. ಬೇಕರಿಯವನು ಅಂಗಡಿಯ ಬಾಗಿಲಿಗೆ ಬಂದ. ಏನಾದರೊಂದು ತಮಾಷೆ ಮಾಡದೆ ಹೊಸ್ತಿಲು ದಾಟದ ಮನುಷ್ಯ ಅಂದು ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಸುಮ್ಮನೆ ನಿಂತಿದ್ದ.

"ಕುರ್ಚಿಲೇ ಕೂತಿದ್ರಂತೆ. ನಿಮ್ಮಕ್ಕ ಎಬ್ಬಿಸೋಕೆ ಹೋದಾಗ ಕೈ ತಣ್ಣಗಿತ್ತಂತೆ," ಎಂದ.

ದರ್ಜಿ ಅಳಲಿಲ್ಲ. ಎದ್ದು, ಇಸ್ತ್ರಿ ಮೇಜಿನ ಮೇಲಿನ ಹಳೆಯ ಕಂಬಳಿಯನ್ನು ಎಳೆದು, ಮೂಲೆಯಲ್ಲಿದ್ದ ಆನೆಗೆ ಹೊದಿಸಿದ. ಹೊದಿಸಿದ ಮೇಲೆ ತಾನು ಮಾಡಿದ್ದೇನೆಂದು ತಿಳಿಯಿತು. ಹೋದವರಿಗಿಂತ ಮೊದಲು ಅವನಿಗೆ ನೆನಪಾದದ್ದು ತನ್ನ ತಪ್ಪು.

ಆನೆ ಎಂದು ಬ್ಯಾಂಡಿನವರು ಕರೆಯುತ್ತಿದ್ದದ್ದು ಹಿತ್ತಾಳೆಯ ದೊಡ್ಡ ವಾದ್ಯವೊಂದನ್ನು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಗುವಿನಂತೆ ತಬ್ಬಿ ಊದಬೇಕು. ಅದರ ದಪ್ಪ ದನಿಯೇ ಬ್ಯಾಂಡಿಗೆ ಅಡಿಪಾಯ. ಹದಿನೆಂಟು ವರ್ಷದಿಂದ ನಿಂತುಹೋಗಿದ್ದ ಊರ ಬ್ಯಾಂಡನ್ನು ಮತ್ತೆ ಕಟ್ಟುವ ಹುಚ್ಚು ಹತ್ತಿದ್ದು ದರ್ಜಿಗೆ. ಅಟ್ಟದಲ್ಲಿ ಇಲಿಗಳ ಪಾಲಾಗಿದ್ದ ವಾದ್ಯಗಳನ್ನು ಇಳಿಸಿದ, ತಿಕ್ಕಿದ, ಬೆಸುಗೆ ಹಾಕಿಸಿದ. ಡ್ರಮ್ಮಿಗೆ ಬೇಕರಿಯವನು ಸಿಕ್ಕಿದ, ಕ್ಲಾರಿನೆಟ್ಟಿಗೆ ನಿವೃತ್ತರಾದ ಟೀಚರಮ್ಮ ಬಂದರು, ಸಣ್ಣ ತುತ್ತೂರಿ ತನ್ನದೇ. ಆನೆಯನ್ನು ಊದಬಲ್ಲ ಎದೆ ಮಾತ್ರ ಊರಿನಲ್ಲಿ ಒಂದೇ ಇತ್ತು, ಹಳೆಯ ಬ್ಯಾಂಡಿನಲ್ಲೂ ಅದನ್ನೇ ಊದಿದ್ದ ಭಾವನದು. ಅದು ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಧೂಳು ಕುಡಿದ ಎದೆ. ಮೆಟ್ಟಿಲು ಹತ್ತುವುದೇ ಹೆಚ್ಚು, ಊದುವ ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಭಾವನ ಪಕ್ಕದಲ್ಲಿ ಕೂತಿದ್ದವನು ದರ್ಜಿಯೇ.

ಆದರೂ ಒಂದು ಸಂಜೆ ಅಂಗಡಿಯಲ್ಲಿ ನಡೆಯುತ್ತಿದ್ದ ಅಭ್ಯಾಸಕ್ಕೆ ಭಾವ ಬಂದು ಆನೆಯನ್ನು ತೊಡೆಗೇರಿಸಿಕೊಂಡಾಗ ಅವನು ಬೇಡ ಎನ್ನಲಿಲ್ಲ. ಮೊದಲ ಸ್ವರಕ್ಕೆ ಕಿಟಕಿಯ ಗಾಜು ಅದುರಿತು. ಟೀಚರಮ್ಮ ಕಣ್ಣೊರೆಸಿಕೊಂಡರು.

"ನಿಮ್ಮಕ್ಕನಿಗೆ ಹೇಳ್ಬೇಡಪ್ಪ," ಎಂದರು ಭಾವ. "ಬರೀ ತಾಳ ಹಾಕ್ತಾ ಕೂತಿರ್ತೀನಿ ಅಂತ ಹೇಳಿದೀನಿ."

ತಾಯಿಯಿಲ್ಲದ ತನ್ನನ್ನು ಸಾಕಿದ ಅಕ್ಕನಿಗೆ ದರ್ಜಿ ಮೂರು ತಿಂಗಳು ಅದೇ ಸುಳ್ಳನ್ನು ಹೇಳಿಕೊಂಡು ಬಂದ.

ಊದಿದ ಉಸಿರು ಹಿತ್ತಾಳೆಯೊಳಗೆ ತಣ್ಣಗಾಗಿ ನೀರಾಗುತ್ತದೆ. ಕೊಳವೆಯ ಅಡಿಯ ಸಣ್ಣ ಮುಚ್ಚಳ ತೆರೆದು ಆ ನೀರು ಬಿಡದೆ ಭಾವ ಎಂದೂ ಎದ್ದವರಲ್ಲ. ಆನೆಯ ಹೊಟ್ಟೆ ಖಾಲಿ ಮಾಡದೆ ಮನೆಗೆ ಹೋದರೆ ಅದು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತದೆ ಎಂದು ನಗುತ್ತಿದ್ದರು. ನಿನ್ನೆ ಸಂಜೆ ನೀರು ಬಿಡಲಿಲ್ಲ. ಗೋಡೆ ಹಿಡಿದು ಎದ್ದು ಹಾಗೆಯೇ ಹೊರಟರು. ದರ್ಜಿ ಕಂಡ. ಕಂಡೂ ಸುಮ್ಮನಾದ. ಭಾನುವಾರ ಬ್ಯಾಂಡು ಮೊದಲ ಸಲ ಜನರೆದುರು ನುಡಿಸುವುದಿತ್ತು.

ಅಕ್ಕನ ಮನೆಯಲ್ಲಿ ಅವನು ಬಾಗಿಲ ಪಕ್ಕದಲ್ಲೇ ನಿಂತ. ಬಂದವರು ಭಾವನ ಒಳ್ಳೆಯತನ ಹೇಳುತ್ತಿದ್ದರು. ಯಾರಾದರೂ ಉಸಿರು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನ ಕೈ ತನ್ನ ಎದೆಗೆ ಹೋಗುತ್ತಿತ್ತು. ಬೇಕರಿಯವನ ಬಾಯಿಗೆ ಬೀಗವಿಲ್ಲ. ಅವನು ಅಕ್ಕನ ಹತ್ತಿರ ಸರಿದಾಗಲೆಲ್ಲ ದರ್ಜಿಯ ಕಣ್ಣು ಅವನ ತುಟಿಯ ಮೇಲೇ ಇರುತ್ತಿತ್ತು. ಈ ಅಕ್ಕ ಒಂದು ಸಲ ಮುಖ ತಿರುಗಿಸಿದರೆ, ತನ್ನವರು ಎನ್ನಲು ಅವನಿಗೆ ಲೋಕದಲ್ಲಿ ಇನ್ನಾರೂ ಇರಲಿಲ್ಲ.

ಅಕ್ಕ ತಲೆಯೆತ್ತಿದಳು. "ಆ ದೊಡ್ಡದನ್ನ ತಗೊಂಡು ಬಾ. ಹೊರಡೋವರೆಗೂ ಪಕ್ಕದಲ್ಲಿರ್ಲಿ."

ಅಂಗಡಿಗೆ ಬಂದು ಕಂಬಳಿ ತೆಗೆದ. ಬೆರಳು ತಾನಾಗಿಯೇ ಸಣ್ಣ ಮುಚ್ಚಳದ ಮೇಲೆ ಹೋಯಿತು. ತೆರೆದು ನೀರು ಚೆಲ್ಲಿಬಿಟ್ಟರೆ ಆನೆ ಹದಿನೆಂಟು ವರ್ಷದಿಂದ ಯಾರೂ ಊದದ ಒಣ ಹಿತ್ತಾಳೆ, ಸಾಕ್ಷಿಯೇ ಇರುವುದಿಲ್ಲ. ಆದರೆ ಒಳಗಿದ್ದದ್ದು ಭಾವನ ಕಡೆಯ ಉಸಿರು. ಅದನ್ನು ದಾರದ ತುಂಡು, ಬಟ್ಟೆಯ ಚೂರುಗಳ ನಡುವೆ ನೆಲಕ್ಕೆ ಬಿಡುವುದೇ? ದೇವರು ಮೆಚ್ಚುವ ಕೆಲಸವೇ? ಕೈ ಹಿಂದಕ್ಕೆ ಬಂತು.

ಆನೆಯನ್ನು ತಬ್ಬಿಕೊಂಡು ಬೀದಿಯಲ್ಲಿ ನಡೆದ. ಹೆಜ್ಜೆ ಹೆಜ್ಜೆಗೂ ಒಳಗೆ ಗುಳುಗುಳು ಸದ್ದು. ಕಫ ಕಟ್ಟಿದ ಎದೆಯೊಂದು ಕಿವಿಯ ಪಕ್ಕದಲ್ಲೇ ಉಸಿರಾಡಿದಂತೆ. ಎರಡು ಸಲ ನಿಂತ. ನಿಂತಾಗ ಅದೂ ನಿಲ್ಲುತ್ತಿತ್ತು, ಅದೇ ಹೆಚ್ಚು ಹೆದರಿಕೆ. ರಾಮಾ ಕೃಷ್ಣಾ ಎನ್ನಲೂ ಬಾಯಿ ಬರಲಿಲ್ಲ.

ಅಕ್ಕ ಅದನ್ನು ತೊಡೆಗೆ ತೆಗೆದುಕೊಂಡಳು. ವಾಲಿಸಿದಾಗ ಸದ್ದಾಯಿತು. ಅವಳ ಕೈ ನಿಂತಿತು. ಹಳೆಯ ದಿನಗಳಲ್ಲಿ ಗಂಡನ ಜೊತೆ ಎಷ್ಟು ಸಲ ತೊಳೆದಿದ್ದಳೋ, ಬೆರಳು ಹುಡುಕದೆಯೇ ಮುಚ್ಚಳ ತೆರೆಯಿತು. ನೀರು ಅವಳ ಬೊಗಸೆಗೆ ಬಿತ್ತು.

"ಇದು ಯಾವಾಗಿಂದು?"

"ನಿನ್ನೇದು, ಅಕ್ಕ."

ಬೇಕರಿಯವನು ನೆಲ ನೋಡಿದ. ದರ್ಜಿ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದ: ಮೂರು ತಿಂಗಳ ಸುಳ್ಳು, ಭಾನುವಾರದ ಆಸೆ, ಗೋಡೆ ಹಿಡಿದ ಕೈ. "ಡಾಕ್ಟರು ಹೇಳಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ."

ಅಕ್ಕ ಬೊಗಸೆಯನ್ನೇ ನೋಡಿದಳು. ಬೆರಳ ಸಂದಿಯಿಂದ ನೀರು ಇಳಿದು ಸೆರಗು ತೊಯ್ದಿತು.

"ಅವರ ತುಟಿ ಮೇಲೆ ಇದರ ಬಾಯಿ ಒತ್ತಿದ ಉಂಗುರದಂಥ ಗುರುತು ಇರ್ತಿತ್ತು," ಎಂದಳು. "ನಾನೂ ಕೇಳ್ಲಿಲ್ಲ. ಕೇಳಿದ್ರೆ ನಿಲ್ಲಿಸ್ಬೇಕಾಗಿತ್ತು. ಊಟಕ್ಕೆ ಕೂತಾಗ ಗುನುಗೋಕೆ ಶುರು ಮಾಡಿದ್ರು ಕಣೋ, ಎಷ್ಟು ವರ್ಷದ ಮೇಲೆ."

ದರ್ಜಿ ಅವಳ ಕಾಲ ಬಳಿ ಕುಸಿದ. ಅವಳು ತಲೆ ಸವರಲಿಲ್ಲ.

"ನಿನ್ನ ಮೇಲೆ ಕೋಪ ಇದೆ. ಇವತ್ತಿಗೆ ಹೋಗೋ ಕೋಪ ಅಲ್ಲ. ಆದ್ರೆ ಅವರನ್ನ ಬರೀ ನಿನ್ನ ಸಣ್ಣ ಪೀಪಿ ಊದಿ ಕಳಿಸ್ಬೇಡ. ಇದನ್ನ ನೀನೇ ಊದು."

ಹೊರಡುವ ಹೊತ್ತಾಯಿತು. ಭಾವನ ತುಟಿ ಮುಟ್ಟಿದ ಕಡೆ ಅವನು ತುಟಿಯಿಟ್ಟ. ಹಿತ್ತಾಳೆ ಹಿಮದಂತೆ ತಣ್ಣಗಿತ್ತು. ಮೊದಲು ಬರಿಯ ಗಾಳಿ ಬಂತು. ಎರಡನೆಯ ಸಲ ಕರು ಕೂಗಿದಂತಾಯಿತು. ಯಾರೂ ನಗಲಿಲ್ಲ. ಮೂರನೆಯ ಸಲ ತೊದಲುತ್ತ ದಪ್ಪ ದನಿ ಹೊರಟಿತು, ಬೇಕರಿಯವನ ಡ್ರಮ್ಮು ಅದರ ಹಿಂದೆ ನಿಧಾನವಾಗಿ ನಡೆಯಿತು. ದರ್ಜಿಯ ಎದೆ ಬಿರಿಯುವಂತೆ ನೋಯುತ್ತಿತ್ತು. ಭಾವ ಇದನ್ನು ದಿನದಿನವೂ ನುಂಗಿಕೊಂಡು ನಗುತ್ತಿದ್ದರಲ್ಲ ಎಂದು ಆಗ ತಿಳಿಯಿತು. ಊದುವುದು ನಿಲ್ಲಿಸಲು ಹೆದರಿ ಅವನು ಊದುತ್ತ ಹೋದ. ಉಸಿರು ಎಳೆದುಕೊಳ್ಳುವ ಬಿಡುವಿನಲ್ಲೆಲ್ಲ ಮನಸ್ಸಿನೊಳಗೇ ದೇವರನ್ನು ಬೇಡಿಕೊಂಡ:

ತಂದೆಯೇ, ಅವರ ಉಸಿರಲ್ಲಿ ನಾನು ಪಾಲು ತೆಗೆದುಕೊಂಡೆ, ಅದರ ಲೆಕ್ಕ ನನ್ನನ್ನು ಕೇಳು. ಅವರನ್ನು ಧೂಳಿಲ್ಲದ ಕಡೆ ಕೂರಿಸು. ಕೆಮ್ಮಿಲ್ಲದ ನಿದ್ದೆ ಕೊಡು. ಆ ದಣಿದ ಜೀವಕ್ಕೆ ಶಾಂತಿ ಕೊಡು, ತಂದೆಯೇ.