ಫಿಜಿಕ್ಸಿಗೆ ಹೂ ಕೇಳಿದ್ದು

ಜೂನ್ ತಿಂಗಳು ಬಂತೆಂದರೆ ದುರ್ಗಾಳಿಗೆ ಜೀವ ಬೇಸತ್ತು ಹೋಗುತ್ತಿತ್ತು. ಹಾವೇರಿ ಕೋರ್ಟಿನ ಎದುರು ಮುಸ್ತಾಕನ ಝೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬುವ ಕೆಲಸ. ಉಳಿದ ಹನ್ನೊಂದು ತಿಂಗಳು ಪಹಣಿ, ಜಾತಿ ಪ್ರಮಾಣಪತ್ರ, ವಕೀಲರ ಟೈಪಿಂಗ್. ಜೂನಿನಲ್ಲಿ ಮಾತ್ರ ಬರೀ ಕಾಲೇಜಿನ ಅರ್ಜಿ. ಅವಳು "ಸಾಯನ್ಸೋ, ಕಾಮರ್ಸೋ, ಆರ್ಟ್ಸೋ?" ಎಂದು ಕೇಳಬೇಕು. ಅಪ್ಪನಾದವನು ಮಗನ ಮುಖ ನೋಡುತ್ತಾನೆ, ಮಗನಾದವನು ಮೊಬೈಲ್ ನೋಡುತ್ತಾನೆ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಕೊನೆಗೆ ಅಪ್ಪ, "ನೀವ ಹೇಳ್ರಿ ಮೇಡಮ್ಮರ, ಯಾವ್ದು ಚಲೋ ಐತಿ?" ಎನ್ನುತ್ತಾನೆ. ಮೇಡಮ್ಮು ಏನು ಹೇಳಬೇಕು? ಆ ಮೇಡಮ್ಮು ಸ್ವತಃ ಸೆಕೆಂಡ್ ಪಿಯುಸಿ ಫಿಜಿಕ್ಸಿಗೆ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದವಳು. ಅವಳು ಕಂಪ್ಯೂಟರಿನ ಕಡೆ ತಿರುಗುತ್ತಿದ್ದಳು.

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬ್ಯಾಡಗಿಗೆ ಬಂದರೆ ಮನೆಯಲ್ಲೂ ಅದೇ ಹಾಡು. ತಂಗಿ ಭುವನಾ ಹತ್ತನೆಯ ಇಯತ್ತೆಯಲ್ಲಿ ಐನೂರಾ ಅರವತ್ತೆರಡು ಅಂಕ ತೆಗೆದು ಕೂತಿದ್ದಳು. ರಾಣೇಬೆನ್ನೂರಿನ ಕಾಲೇಜಿನಲ್ಲಿ ಸಾಯನ್ಸಿಗೆ ಸೀಟೂ ಸಿಕ್ಕಿತ್ತು. ಪ್ರವೇಶಕ್ಕೆ ಬುಧವಾರವೇ ಕೊನೆಯ ದಿನ. ಭುವನಾಳಿಗೆ ಡಾಕ್ಟರಾಗಬೇಕು, ಇಂಜಿನಿಯರಾಗಬೇಕು ಎಂಬ ಹಂಬಲವೇನೂ ಇರಲಿಲ್ಲ. ಅವಳಿಗೆ ಫಿಜಿಕ್ಸ್ ಬೇಕಿತ್ತು, ಅಷ್ಟೇ. ಕುಕ್ಕರ್ ಕೂಗುವ ಮೊದಲು ಯಾಕೆ ಸುಯ್‌ಗುಡುತ್ತದೆ, ಕೊಡ ತುಂಬುತ್ತ ಬಂದಂತೆ ನೀರಿನ ಸಪ್ಪಳ ಯಾಕೆ ಸಣ್ಣಗಾಗುತ್ತದೆ ಎಂದು ಮನೆಮಂದಿಯ ತಲೆ ತಿನ್ನುವುದೇ ಅವಳ ಕಸುಬು. ಅವ್ವ ನಾಗರತ್ನಾ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, "ನಿನ್ನ ಪ್ರಶ್ನಾಕ್ಕ ಬೆಂಕಿ ಹಚ್ಚಲಿ" ಎಂದು ಬಯ್ಯುತ್ತಿದ್ದಳು.

ಅಪ್ಪ ವಿರೂಪಾಕ್ಷಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತೂಕ ಮಾಡುವವನು. ದಿನಕ್ಕೆ ನೂರಾರು ಚೀಲ ತೂಗುವ ಮನುಷ್ಯ ಮನೆಯೊಳಗೆ ಮಾತ್ರ ಯಾವ ಕಡೆಗೂ ವಾಲುವವನಲ್ಲ. ಏನು ಕೇಳಿದರೂ, "ನಮ್ಮವ್ವ ಹೆಂಗಂತಾಳೋ ಹಂಗ" ಎಂದು ಗೋಡೆಗೆ ಒರಗುತ್ತಿದ್ದ. ಅವನ ಅವ್ವ, ಹುಡುಗಿಯರ ಆಯಿ ಮಂಗಳವ್ವ, ತನ್ನ ತೀರ್ಮಾನವನ್ನು ಆಗಲೇ ಹೇಳಿಬಿಟ್ಟಿದ್ದಳು.

"ಮಂಗಳವಾರ ತಾಯಿ ಮುಂದ ಹೂ ಕೇಳೂದು. ಬಲಕ್ಕ ಕೊಟ್ಲಂದ್ರ ಸಾಯನ್ಸ್, ಎಡಕ್ಕ ಕೊಟ್ಲಂದ್ರ ಆರ್ಟ್ಸ್. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ."

ತಾಯಿ ಎಂದರೆ ಓಣಿಯ ಕೊನೆಯಲ್ಲಿರುವ ಹುಣಸೀಮರದವ್ವ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಪೂಜಾರಿ ಮೈಲಾರೆಪ್ಪ ಕಣಗಿಲ ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಒಂದೊಂದು ಒತ್ತಿ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಎದುರಿಗೆ ಕೂಡಬೇಕು. ತಾಯಿಯ ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಭುಜದ್ದು ಬಿದ್ದರೆ ಬೇಡ. ಕೊಳವೆಬಾವಿ, ಕನ್ಯೆ, ಟ್ರ್ಯಾಕ್ಟರ್, ಎಲ್ಲದಕ್ಕೂ ಬ್ಯಾಡಗಿಯ ಆ ಓಣಿಯಲ್ಲಿ ಹೂವೇ ಕೊನೆಯ ಮಾತು.

ನಾಲ್ಕು ವರ್ಷದ ಹಿಂದೆ ದುರ್ಗಾಳಿಗೂ ಹೀಗೆಯೇ ಕೇಳಿದ್ದರು. ಕೂತು ಹತ್ತು ನಿಮಿಷವಾಗಿರಲಿಲ್ಲ, ಹೂ ಬಲಕ್ಕೆ ಬಿತ್ತು. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ರಾಣೇಬೆನ್ನೂರಿನ ಕಾಲೇಜಿನಲ್ಲಿ ಇಂಗ್ಲಿಷಿನ ಫಿಜಿಕ್ಸನ್ನು ಬಾಯಿ ಬಿಟ್ಟುಕೊಂಡು ಕೇಳಿದಳು. ತಿಳಿಯಲಿಲ್ಲ. ಕೇಳಲು ನಾಚಿಕೆ. ಮನೆಗೆ ಬಂದು ಮಗ್ಗಿ ಕಲಿತ ಹಾಗೆ ಲೆಕ್ಕಗಳನ್ನೂ ಅಂಕಿಸಮೇತ ಬಾಯಿಪಾಠ ಮಾಡಿದಳು. ಪರೀಕ್ಷೆಯಲ್ಲಿ ಅವೇ ಲೆಕ್ಕ ಬಂದವು, ಅಂಕಿ ಮಾತ್ರ ಬೇರೆ ಇದ್ದವು. ಅವಳು ನೋಟ್ಸಿನಲ್ಲಿದ್ದ ಉತ್ತರವನ್ನೇ ಬರೆದು, ಚೆನ್ನಾಗಿ ಆಗಿದೆ ಎಂದುಕೊಂಡು ಎದ್ದು ಬಂದಳು.

ಆಮೇಲಿನದು ಆಯಿಯ ಬಾಯಲ್ಲಿ ಉಳಿದುಹೋಯಿತು. "ತಾಯಿ ಬಲಕ್ಕ ಕೊಟ್ಟಿದ್ಲು. ಈಕಿ ಉಳಿಸ್ಕೊಳ್ಳಲಿಲ್ಲ." ಬೀಗರ ಮುಂದೆ ಅದೇ ಮಾತು, ಕಾಯಿಪಲ್ಲೆಯವಳ ಮುಂದೆ ಅದೇ ಮಾತು, ಹೆಣ್ಣು ನೋಡಲು ಬಂದವರ ಮುಂದೆಯೂ ಅದೇ ಮಾತು. ಆಯಿಗೆ ಮೊಮ್ಮಗಳ ಮೇಲೆ ಸಿಟ್ಟಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಕೇಳಿ ಕೇಳಿ ದುರ್ಗಾ ಕೂಡ ನಂಬಿಬಿಟ್ಟಿದ್ದಳು. ಮನುಷ್ಯರು ಕೊಟ್ಟಿದ್ದನ್ನು ಕಳೆದುಕೊಂಡರೆ ಬೇರೆ ಮಾತು, ತಾಯಿ ಕೊಟ್ಟಿದ್ದನ್ನು ಕಳೆದುಕೊಂಡವಳಿಗೆ ಮುಂದೆ ಏನು ತಾನೇ ದಕ್ಕೀತು ಎಂದು ಅವಳು ಇನ್ನೊಂದು ಪರೀಕ್ಷೆ ಕಟ್ಟುವ ಆಸೆಯನ್ನೇ ಬಿಟ್ಟಿದ್ದಳು. ಗುಡಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಮಂಗಳವಾರ ಮುಂಜಾನೆ ಮುಸ್ತಾಕನಿಗೆ ಫೋನ್ ಮಾಡಿ, ಅರ್ಧ ದಿನ ಬರುವುದಿಲ್ಲ ಎಂದು ಬೈಸಿಕೊಂಡು, ಆಯಿಯ ಒತ್ತಾಯಕ್ಕೆ ಅವಳೂ ಗುಡಿಗೆ ಹೋದಳು. ಅಕ್ಕ ಜೊತೆಗಿರಬೇಕು ಎಂದು ಭುವನಾಳೂ ಹಟ ಹಿಡಿದಿದ್ದಳು. ಇವರಿಗಿಂತ ಮುಂಚೆ ಯಾರೋ ಗಂಡ ಹೆಂಡತಿ ಸೈಟಿನ ಸಲುವಾಗಿ ಕೂತಿದ್ದರು. ಅವರಿಗೆ ಬಲಕ್ಕೆ ಬಿತ್ತು. ಅವರು ಖುಷಿಯಿಂದ ಕಾಯಿ ಒಡೆಸಿಕೊಂಡು ಹೋದರು.

ಮೈಲಾರೆಪ್ಪ ಹೊಸ ಹೂ ಅದ್ದುತ್ತಿದ್ದಾಗ ಭುವನಾ ಅಕ್ಕನ ಕಿವಿಗೆ ಬಾಯಿಟ್ಟಳು.

"ಅಕ್ಕಾ, ಹೆದರಬ್ಯಾಡ. ನಂಗೂ ಬಲಕ್ಕ ಬೀಳ್ತೈತಿ."

"ಹೆಂಗ ಗೊತ್ತು?"

"ಪಂಖಾ ನೋಡು."

ದುರ್ಗಾ ನೋಡಿದಳು. ತಾಯಿಯ ಬಲಗಡೆಯ ಗೋಡೆಗೆ ಒಂದು ಪಂಖಾ ಇತ್ತು. ಐದು ವರ್ಷದ ಹಿಂದೆ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಪೂಜಾರಿ ಬೆವರುತ್ತಾನೆಂದು ಕೊಡಿಸಿದ್ದು. ದೇವಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅವರ ಹೆಸರು ಅದರ ಮೇಲೆ ಬರೆದಿತ್ತು. ಅದರ ಕತ್ತು ಕೊಡಿಸಿದ ವರ್ಷವೇ ಕೆಟ್ಟು, ಪೂಜಾರಿಯ ಕಡೆ ತಿರುಗುವುದನ್ನು ಬಿಟ್ಟು ತಾಯಿಯ ಬಲಭುಜಕ್ಕೇ ಮುಖ ಮಾಡಿ ನಿಂತಿತ್ತು.

"ಗಾಳಿ ಆ ಕಡಿ ಅಷ್ಟ ಬಡಿತೈತಿ," ಭುವನಾ ಪಿಸುಗುಟ್ಟಿದಳು. "ಹೂ ಅಂಟಿರೂದು ನೀರಿಗೆ. ಬಲಗಡಿ ನೀರು ಲಗೂ ಆರ್ತೈತಿ, ಹೂ ಬೀಳ್ತೈತಿ. ಹ್ವಾದ ಮಂಗಳವಾರ, ಶುಕ್ರವಾರ ಆಯಿ ಜೋಡಿ ಬಂದು ಕುಂತು ನೋಡೇನಿ. ಹದಿನೆಂಟು ಮಂದಿ ಕೇಳಿದ್ರು, ಹದಿನಾರು ಮಂದಿಗೆ ಬಲ."

ಅವಳ ಮುಖದಲ್ಲಿ ಹೊಸದೊಂದನ್ನು ಕಂಡ ಸಂಭ್ರಮವಿತ್ತು, ಬೇರೇನೂ ಇರಲಿಲ್ಲ. ದುರ್ಗಾ ಪಂಖಾದಿಂದ ಕಣ್ಣು ತೆಗೆಯದೆ ಕೇಳಿದಳು.

"ನಾ ಕೇಳಿದಾಗೂ ಈ ಪಂಖಾ ಇತ್ತಲ್ಲ?"

ಭುವನಾ ಅಕ್ಕನ ಮುಖ ನೋಡಿದಳು. ತಾನು ಏನು ಹೇಳಿದೆನೆಂದು ಅವಳಿಗೆ ಆಗ ಹೊಳೆಯಿತು. "ಇತ್ತು" ಎಂದು ತಲೆ ಬಗ್ಗಿಸಿದಳು.

ಅಂದರೆ ತಾಯಿ ದುರ್ಗಾಳಿಗೆ ಏನೂ ಕೊಟ್ಟಿರಲಿಲ್ಲ. ಅವಳು ಏನನ್ನೂ ಕಳೆದುಕೊಂಡಿರಲಿಲ್ಲ. ಹಗುರವಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಹೊತ್ತು ತಿರುಗಿದ್ದು ಬರೀ ಗಾಳಿಯೇ ಎಂದು ತಿಳಿದಾಗ ಅವಳಿಗೆ ಮೈಯೆಲ್ಲ ಸೋತುಬಂತು. ಮೈಲಾರೆಪ್ಪ ಹೂ ಅಂಟಿಸಿ ಹಿಂದೆ ಸರಿದ. ಆಯಿ ಸೆರಗು ತಲೆಗೆಳೆದು ಕೈಮುಗಿದಳು.

ದುರ್ಗಾ ಎದ್ದು ಹೋಗಿ, ಕಂಬದ ಹತ್ತಿರದ ಸ್ವಿಚ್ ಒತ್ತಿ, ಪಂಖಾ ಬಂದ್ ಮಾಡಿದಳು.

"ಯಾಕವಾ?" ಮೈಲಾರೆಪ್ಪ ಕೇಳಿದ.

"ಆಯಿಗೆ ಥಂಡಿ ಆಗೈತ್ರೀ, ಗಾಳಿ ತಡಿಯಾಂಗಿಲ್ಲ."

ಗುಡಿಯಲ್ಲಿ ನಿಂತು ಸುಳ್ಳು ಹೇಳಿದ್ದಳು. ಯಾಕೆ ಬಂದ್ ಮಾಡಿದೆ ಎಂಬುದಕ್ಕೆ ಖರೇ ಉತ್ತರ ಅವಳಿಗೂ ಗೊತ್ತಿರಲಿಲ್ಲ. ತಾಯಿ ಈ ಸಲವಾದರೂ ತಾನಾಗಿ ಮಾತಾಡಲಿ ಎಂಬುದು ಒಂದು. ಅದರ ಕೆಳಗೆ ಇನ್ನೊಂದಿತ್ತು: ನನಗೆ ಸುಳ್ಳು ಹೂ ಬಿದ್ದು ಬಾಳು ಹೀಗಾಯಿತು, ಇವಳಿಗೆ ಯಾಕೆ ಅಷ್ಟು ಸಲೀಸಾಗಿ ಬೀಳಬೇಕು? ಆ ಎರಡನೆಯದು ತನ್ನೊಳಗೆ ಇದೆ ಎಂದು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಸ್ವಿಚ್ ಹಾಕಲಿಲ್ಲ, ಬಂದು ತಂಗಿಯ ಪಕ್ಕ ಕೂತಳು. ಭುವನಾ ಅವಳ ಕಡೆ ನೋಡಲಿಲ್ಲ.

ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಗುಡಿಯೊಳಗೆ ಸೆಕೆ ಏರಿತು. ಆಯಿ ಸೆರಗಿನಿಂದ ಗಾಳಿ ಬೀಸಿಕೊಂಡಳು. ಮೈಲಾರೆಪ್ಪ ಮಂತ್ರವನ್ನು ಮೂರು ಸಲ ಮುಗಿಸಿ ನಾಲ್ಕನೆಯ ಸಲ ನಡುವೆಯೇ ಆಕಳಿಸಿದ. ಭುವನಾ ಮಾತ್ರ ರೆಪ್ಪೆ ಬಡಿಯದೆ ಮೂರ್ತಿಯನ್ನು ನೋಡುತ್ತಿದ್ದಳು. ಮುಕ್ಕಾಲು ಗಂಟೆಗೆ ಹೂ ಅಲ್ಲಾಡಿತು, ಜಾರಿತು, ಬಿತ್ತು.

ಬಿದ್ದದ್ದು ಎಡಭುಜದ್ದು.

"ಆತು," ಆಯಿ ಉಸಿರು ಬಿಟ್ಟಳು. "ತಾಯಿ ಬ್ಯಾಡ ಅಂದ್ಲು. ಆರ್ಟ್ಸ್ ಹಚ್ಚೂಣು. ಏಳ್ರಿ."

ಭುವನಾ ಅಳಲಿಲ್ಲ, ವಾದಿಸಲಿಲ್ಲ, ಪಂಖಾದ ಮಾತೆತ್ತಿ ಅಕ್ಕನನ್ನು ಹಿಡಿದುಕೊಡಲೂ ಇಲ್ಲ. ಎದ್ದು ಲಂಗ ಝಾಡಿಸಿಕೊಂಡು ಆಯಿಗೆ ಕೈಯಾಸರೆ ಕೊಡಲು ಬಗ್ಗಿದಳು. ದುರ್ಗಾಳಿಗೆ ಅದನ್ನು ನೋಡಲಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬುಧವಾರ ಕಳೆದರೆ ಸೀಟೂ ಹೋಗುತ್ತಿತ್ತು, ಈ ಮನೆಯಲ್ಲಿ ಫಿಜಿಕ್ಸ್ ಎಂಬ ಶಬ್ದವೂ ಮುಗಿಯುತ್ತಿತ್ತು.

"ಆಯಿ, ಕುಂಡ್ರು. ಪಂಖಾ ಬಂದ್ ಮಾಡಿದಾಕಿ ನಾನು."

"ಅದನ್ನ ನೋಡಿದ್ನಲ್ಲ. ನಂಗೆಲ್ಲಿ ಥಂಡಿ ಆಗೇತಿ ಅಂತ ನಾನೂ ವಿಚಾರ ಮಾಡಿದೆ."

"ಪಂಖಾ ಇದ್ರ ಹೂ ಬಲಕ್ಕ ಬೀಳ್ತೈತಿ. ಎಲ್ಲಾರಿಗೂ. ಗಾಳಿಗೆ ನೀರು ಆರಿ ಬೀಳೂದು ಅದು. ನಂಗ ಬಿದ್ದದ್ದೂ ಹಂಗ. ತಾಯಿ ನಂಗೇನೂ ಕೊಟ್ಟಿರಲಿಲ್ಲ ಆಯಿ. ಇವತ್ತ ಈಕಿಗೂ ಬ್ಯಾಡ ಅಂದಿಲ್ಲ."

ಮೈಲಾರೆಪ್ಪನಿಗೆ ನಿದ್ದೆ ಹಾರಿಹೋಯಿತು. "ಏ ಹುಡುಗಿ, ತಾಯಿ ಮಾತಿಗೆ ಪಂಖಾ ಯಾಕ ಅಡ್ಡ ತರ್ತಿ? ತಪ್ಪು ತಪ್ಪು ಅನ್ನು."

"ನೀ ಸುಮ್ಮನ ಕುಂಡ್ರೋ ಮೈಲಾರೀ," ಎಂದಳು ಆಯಿ. ಮೂರ್ತಿಯನ್ನು ನೋಡಿದಳು, ಗೋಡೆಯ ಪಂಖಾ ನೋಡಿದಳು, ಅದರ ಕೆಟ್ಟ ಕತ್ತು ಯಾವ ಕಡೆಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಎಪ್ಪತ್ತು ದಾಟಿದ ಹೆಂಗಸು, ಇಡೀ ಆಯುಷ್ಯ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿದವಳು. ಗಾಳಿ ಬಡಿದ ಕಡೆ ಮೊದಲು ಒಣಗುತ್ತದೆ ಎಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅವಳ ಮುಖ ಇಳಿದುಹೋಯಿತು.

"ಹಂಗಾರ ನೀ ಹೇಳು," ಎಂದಳು ದುರ್ಗಾಳ ಕಡೆ ತಿರುಗಿ. "ನಮ್ಮ ಮನ್ಯಾಗ ಆ ಫಿಜಿಕ್ಸ್ ಅನ್ನೂದನ್ನ ಕಂಡಾಕಿ ನೀ ಒಬ್ಬಾಕಿ. ಈಕಿ ಕೈಲೆ ಆಕ್ಕೈತೇನು?"

ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದ ಪ್ರಶ್ನೆ. ಮನೆಯವರು ಅವಳನ್ನು ಇದೇ ಮೊದಲ ಸಲ ಕೇಳಿದ್ದು. ಬೇಡ ಎಂದುಬಿಡುವುದು ಎಷ್ಟು ಸುಲಭವಿತ್ತು! ಭುವನಾ ಪಾಸಾದರೆ, ತಾಯಿಯದೂ ಅಲ್ಲ, ಇಂಗ್ಲಿಷಿನದೂ ಅಲ್ಲ, ತಪ್ಪು ದುರ್ಗಾಳದೇ ಆಗಿ ಉಳಿಯುತ್ತಿತ್ತು. ಬೇಡ ಎನ್ನಬೇಕೆಂದು ಅವಳಿಗೆ ನಿಜವಾಗಿ ಅನಿಸಿತು. ನಾಲಿಗೆಯ ತುದಿಗೂ ಬಂತು.

"ಆಕ್ಕೈತಿ," ಎಂದಳು. "ಹೂ ಬಲಕ್ಕ ಬಿದ್ದಾಗ ನಾ ಕೈ ಮುಗದೆ. ಈಕಿ ಯಾಕ ಬಿತ್ತು ಅಂತ ನೋಡಿದ್ಲು. ಎರಡ ವರ್ಷ ಕ್ಲಾಸಿನ್ಯಾಗ ಕುಂತೆ, ಫಿಜಿಕ್ಸ್ ಅಂದ್ರ ಹಿಂಗ ನೋಡೂದು ಅಂತ ನಂಗ ಗೊತ್ತ ಆಗಲಿಲ್ಲ ಆಯಿ. ಅದು ಬಾಯಿಪಾಠ ಅನ್ಕೊಂಡಿದ್ದೆ. ಈಕಿಗೆ ಅದು ಕಾಲೇಜಿಗೆ ಹೋಗೂಕಿಂತ ಮೊದಲ ಬಂದೈತಿ. ಹಚ್ಚು. ಸಾಯನ್ಸ ಹಚ್ಚು."

ಇಷ್ಟು ಹೇಳಿ ಅವಳು ಅಲ್ಲೇ ಕಂಬಕ್ಕೆ ಒರಗಿದಳು. ಭುವನಾ ಬಂದು ಅವಳ ಭುಜಕ್ಕೆ ಹಣೆ ಹಚ್ಚಿ ಬಿಕ್ಕಿದಳು. ದುರ್ಗಾ ಅವಳ ತಲೆ ಸವರಿದಳು.

"ನಾಳೆ ರಾಣೇಬೆನ್ನೂರಿಗೆ ನಿಮ್ಮಪ್ಪ ಬರ್ತಾನ," ಎಂದಳು ಆಯಿ. ಮತ್ತೇನನ್ನೋ ಹೇಳಲು ಬಾಯಿ ತೆರೆದಳು. "ಎರಡ ವರ್ಷ ನಾ ಮಂದಿ ಮುಂದೆಲ್ಲಾ ನಿಂದು..." ಎಂದಳು. ದುರ್ಗಾ "ಇರ್ಲಿ ಬಿಡು ಆಯಿ" ಎನ್ನಬಹುದಿತ್ತು. ಎನ್ನಲಿಲ್ಲ. ಅದು ಇರಲಿ ಬಿಡು ಎನ್ನುವಂಥದ್ದಾಗಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಎದುರುಮನೆಯ ಉಚ್ಚಂಗೆವ್ವ ತನ್ನ ಪಾಳಿಗಾಗಿ ಕಾಯುತ್ತ ಕೂತಿದ್ದಳು. ಮಗನ ಕನ್ಯೆಯ ಸಲುವಾಗಿ ಹೂ ಕೇಳಲು ಬಂದವಳು. ಆಯಿ ಮೆಟ್ಟಿಲಿಳಿಯುವುದನ್ನು ಕಂಡವಳೇ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಏನ ಮಂಗಳವ್ವಾ, ಸಣ್ಣ ಮಮ್ಮಗಳಿಗೆ ತಾಯಿ ಏನಂದ್ಲು?"

ಆಯಿ ನಿಂತಳು. ಸುತ್ತ ನಾಲ್ಕಾರು ಹೆಂಗಸರಿದ್ದರು. ದುರ್ಗಾಳ ಸುದ್ದಿಯನ್ನು ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದವರು.

"ತಾಯಿ ಏನೂ ಅನ್ನಲಿಲ್ಲವಾ," ಎಂದಳು ಆಯಿ, ಅಷ್ಟೇ ಗಟ್ಟಿಯಾಗಿ. "ನಮ್ಮ ದುರ್ಗಾನ್ನ ಕೇಳಿದೆ. ಆಕಿ ಆಗಲಿ ಅಂದ್ಲು."