ಒಗೆಯಲು ಬಾರದ ಕಾಲುಚೀಲ

ಸೋಮವಾರದ ಒಗೆತಕ್ಕೆ ಗಿಲ್ಬರ್ಟನ ಕಾಲುಚೀಲ ಬಂದಿರಲಿಲ್ಲ. ಕಾಲ್ಚೆಂಡು ಕ್ಲಬ್ಬಿನ ಉಳಿದ ಹುಡುಗರದೆಲ್ಲ ಬಂದಿತ್ತು, ರಕ್ತ ಒಣಗಿ ರಟ್ಟಿನಂತಾಗಿ. ಹೆಸ್ಟರ್ ಪ್ರೌಡ್ ಅವನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಬುಟ್ಟಿಯ ತಳವನ್ನು ಮತ್ತೊಮ್ಮೆ ತಡಕಿದಳು.

ಶಾಲೆಯ ವಸತಿಗೃಹದ ಉಸ್ತುವಾರಿ ಅವಳದು. ಆ ಕೆಲಸದಿಂದಲೇ ಮಗ ಗಿಲ್ಬರ್ಟನಿಗೆ ದೊಡ್ಡ ಮನೆತನಗಳ ಹುಡುಗರ ನಡುವೆ ಜಾಗ ಸಿಕ್ಕಿತ್ತು. ಎಲ್ಲರೆದುರು ಅವನೂ ಅವಳನ್ನು ಮಿಸೆಸ್ ಪ್ರೌಡ್ ಎಂದೇ ಕರೆಯುತ್ತಿದ್ದ. ಕ್ಲಬ್ಬು ಹುಟ್ಟಿ ಇನ್ನೂ ವರ್ಷವಾಗಿರಲಿಲ್ಲ, ಆಗಲೇ ಅದಕ್ಕೊಂದು ಕಟ್ಟುಪಾಡು ಬಂದಿತ್ತು. ಆಟದಲ್ಲಿ ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದು. ಒದೆಸಿಕೊಂಡವನು ಗಾಯವನ್ನು ಯಾರಿಗಾದರೂ ತೋರಿಸಿದರೆ, ತಂಡಕ್ಕೆ ಆಯ್ಕೆಯಾದಾಗ ಗೌರವಕ್ಕೆ ಕೊಟ್ಟ ಮಖಮಲ್ಲಿನ ಟೋಪಿ ಹೋಯಿತು.

ಗಿಲ್ಬರ್ಟನಿಗೆ ಟೋಪಿ ಈಗಷ್ಟೇ ಸಿಕ್ಕಿತ್ತು. ಕಾಲುಚೀಲ ಎಲ್ಲಿ ಎಂದು ಹೆಸ್ಟರ್ ಕೇಳಿದ್ದಕ್ಕೆ, ನಾನೇ ಒಗೆದುಕೊಂಡೆ ಅಂದ. ಆದರೆ ಊಟ ಸೇರುತ್ತಿರಲಿಲ್ಲ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ.

ಬುಧವಾರ ಪಕ್ಕದ ಪಟ್ಟಣದ ತಂಡ ಆಡಲು ಬಂತು. ಅವರಲ್ಲಿ ಒದೆಯುವ ಪದ್ಧತಿಯಿಲ್ಲ. ಹಾಗಾಗಿ ಮೊದಲರ್ಧ ಅವರ ನಿಯಮ, ಉಳಿದರ್ಧ ಶಾಲೆಯ ನಿಯಮ ಎಂದು ಮಾತಾಯಿತು.

ನಡುವಿನ ಬಿಡುವಿನಲ್ಲಿ ಹೆಸ್ಟರ್ ನಿಂಬೆಹೋಳಿನ ತಟ್ಟೆ ಹಿಡಿದು ಮೈದಾನಕ್ಕಿಳಿದಳು. ಬೂಟಿನ ದಾರ ಸರಿಮಾಡುವಂತೆ ಬಗ್ಗಿ ಮಗನ ಕಾಲು ಮುಟ್ಟಿದಳು. ಉಣ್ಣೆಯ ಕಾಲುಚೀಲದ ಮೇಲಿಂದಲೇ ಕೈ ಸುಟ್ಟಿತು. ಕೆಸರಿನದಲ್ಲದ ಒಂದು ವಾಸನೆ.

"ಒಳಗೆ ಬಾ ಗಿಲ್, ಒಂದ್ಸಲ ನೋಡ್ತೀನಿ ಅಷ್ಟೇ," ಪಿಸುಗುಟ್ಟಿದಳು.

"ಹೋಗಿ ಮಿಸೆಸ್ ಪ್ರೌಡ್. ಎಲ್ಲ ನೋಡ್ತಿದಾರೆ."

ತಂಡದ ನಾಯಕ ಲ್ಯಾಸೆಲ್ಸ್ ನಿಂಬೆ ಚೀಪುತ್ತ ನಕ್ಕ. "ಏನ್ರೀ ಮಿಸೆಸ್ ಪ್ರೌಡ್, ತೊಟ್ಟಿಲೂ ತಂದಿದೀರಾ? ಬಿಟ್ಟು ಹೋಗಿ, ನಾವೇ ತೂಗ್ತೀವಿ."

ಎಲ್ಲರಿಗಿಂತ ಜೋರಾಗಿ ನಕ್ಕವನು ಗಿಲ್ಬರ್ಟ್. ನಗುವಾಗ ಹಲ್ಲು ಕಟಕಟ ಅನ್ನುತ್ತಿತ್ತು.

ಮುಖ್ಯೋಪಾಧ್ಯಾಯರು ಮೈದಾನದ ಅಂಚಿನ ಹಗ್ಗದಾಚೆಯೇ ನಿಂತಿದ್ದರು. ಅವಳು ಒಂದು ಮಾತು ಹೇಳಿದ್ದರೆ ಆಟ ನಿಲ್ಲುತ್ತಿತ್ತು. ಟೋಪಿಯೂ ಹೋಗುತ್ತಿತ್ತು, ಆಮೇಲೆ ಅವನು ಇಲ್ಲಿರುವಷ್ಟು ಕಾಲ ಬಟ್ಟೆ ಒಗೆಸುವವಳ ಮಗನೇ. ಇನ್ನರ್ಧ ಆಟ ತಾನೇ ಅಂದುಕೊಂಡು ಹೆಸ್ಟರ್ ತಟ್ಟೆ ಎತ್ತಿಕೊಂಡಳು.

ಅಲ್ಲಿಯವರೆಗೆ ಚೆಂಡನ್ನೇ ನೋಡುತ್ತಿದ್ದ ಪಟ್ಟಣದ ಹುಡುಗರು, ಶಾಲೆಯ ನಿಯಮದ ಅರ್ಧ ಶುರುವಾದ ಮೇಲೆ, ಕಾಲುಗಳನ್ನು ನೋಡತೊಡಗಿದ್ದರು. ಒದ್ದು ಅಭ್ಯಾಸವಿಲ್ಲದವರಿಗೆ ಎಷ್ಟು ಒದೆಯಬೇಕೆಂಬ ಅಳತೆಯೂ ಇರಲಿಲ್ಲ. ಕುಂಟುವವನು ಯಾರೆಂದು ಮಾತ್ರ ಬೇಗ ತಿಳಿಯಿತು.

ಅಂದು ಸಂಜೆ ಕಾಲುಚೀಲ ಬಿಚ್ಚಲು ಬರಲಿಲ್ಲ, ಚರ್ಮಕ್ಕೆ ಅಂಟಿಹೋಗಿತ್ತು. ಹೆಸ್ಟರ್ ಕತ್ತರಿಯಿಂದ ಕೊಯ್ದಳು. ಕೊಯ್ದಷ್ಟೂ ನಂಜೇರಿದ ಕೆಂಪು ಗೆರೆಯೊಂದು ಕಾಣುತ್ತ ಹೋಯಿತು. ಮೊಣಕಾಲಿನ ಬಳಿಯೂ ಅದು ಮುಗಿಯಲಿಲ್ಲ. ಡಾಕ್ಟರನ್ನು ಕರೆತರಲು ಗಾಡಿ ಹೋಗಿತ್ತು. ಕೆಳಗೆ ಊಟದ ಮನೆಯಲ್ಲಿ ಹುಡುಗರು ಗೆಲುವಿನ ಹಾಡು ಹಾಡುತ್ತಿದ್ದರು.

ಗಿಲ್ಬರ್ಟ್ ಅವಳ ಏಪ್ರನ್ನಿನ ತುದಿ ಹಿಡಿದುಕೊಂಡ.

"ನೀನು ನೋಡಿದ್ದು ಯಾರ್ಗೂ ಹೇಳ್ಬೇಡ ಅಮ್ಮಾ," ಅಂದ. "ಟೋಪಿ ಕಿತ್ಕೋತಾರೆ."